ಹದಿಮೂರು ತುಂಬಿದ ದಿನ

ನಮ್ಮ ಕಡೆಯ ಮಂದಿಯ ಮನೆಗಳಲ್ಲಿ ಪ್ರತಿ ಹುಡುಗನಿಗೂ ಎರಡು ಹುಟ್ಟುಹಬ್ಬ ಇರುತ್ತಿದ್ದವು. ಒಂದು ಅವ್ವನ ಲೆಕ್ಕದ್ದು: ಪಂಚಾಂಗ ನೋಡಿ, ತಿಥಿಗೆ ಸರಿಯಾಗಿ ಎಣ್ಣೆ ಹಚ್ಚಿ ನೀರು ಹಾಕಿ, ಆರತಿ ಎತ್ತಿ, ಪಾಯಸ ಮಾಡುವುದು. ಇನ್ನೊಂದು ಶಾಲೆಯದು: ಅಪ್ಪ ಹೆಡ್‌ಮಾಸ್ತರರ ಮುಂದೆ ಕೂತು ಬರೆಸಿದ್ದು. ಎರಡೂ ತಾಳೆಯಾಗಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನ ಶಾಲೆಯ ತಾರೀಖು ಜನವರಿಯಲ್ಲಿತ್ತು, ಅವ್ವ ಪಾಯಸ ಮಾಡುತ್ತಿದ್ದದ್ದು ಆಷಾಢದಲ್ಲಿ. ಅನುಮಾನ ಬರಬೇಕಿತ್ತು ಎಂದು ಈಗ ನೀವು ಅನ್ನಬಹುದು. ಅನ್ನಿ, ಏನಂತೆ. ನಮ್ಮ ಚಾಳಿನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಅರ್ಧ ಹುಡುಗರು ಶಾಲೆಯ ಲೆಕ್ಕದಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು. ಅವರ ನಡುವೆ ನನಗೊಬ್ಬನಿಗೇ ಏನು ಅನುಮಾನ ಬರುತ್ತದೆ?

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ನನ್ನ ಅಜ್ಜನದು, ಅಂದರೆ ಅಪ್ಪನ ಅಪ್ಪನದು. ಮಾವನ ಹೆಸರನ್ನು ಸೊಸೆ ಬಾಯಿಂದ ಆಡುವಂತಿಲ್ಲ. ಹೀಗಾಗಿ ಅವ್ವ ನನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆದವಳಲ್ಲ. ಅವಳಿಗೆ ನಾನು ಪುಟ್ಯಾ. ರೇಶನ್ ಅಂಗಡಿಯವನು ಕಾರ್ಡು ಹಿಡಿದು "ಮುಲಾಚ ನಾವ್ ಕಾಯ್?" ಎಂದು ಮಗನ ಹೆಸರು ಕೇಳಿದರೆ, ನನ್ನ ಬೆನ್ನು ತಿವಿದು "ನೀನ ಹೇಳೋ, ಬಾಯಿ ಇಲ್ಲೇನು?" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಅವಳು ಆಚೆ ನೋಡುತ್ತ ನಿಲ್ಲುತ್ತಿದ್ದಳು.

ನಾವು ಇದ್ದದ್ದು ಮುಂಬಯಿಯ ಆಚೆ ಡೊಂಬಿವಲಿಯಲ್ಲಿ, ಸ್ಟೇಶನ್ನಿನ ಪೂರ್ವಕ್ಕೆ, ಎರಡು ಖೋಲಿಯ ಮನೆಯಲ್ಲಿ. ಅಪ್ಪ ಗದಗಿನ ಕಡೆಯಿಂದ ಬಂದು ಶಹಾಡಿನ ಒಂದು ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಊರೆಲ್ಲ ಬೆಳಿಗ್ಗೆ ಮುಂಬಯಿಗೆ, ವ್ಹಿ.ಟಿ. ಕಡೆಗೆ ಹೋಗುವ ಲೋಕಲ್ ರೈಲಿಗೆ ಜೋತು ಬೀಳುವಾಗ ನಮ್ಮಪ್ಪ ಉಲ್ಟಾ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತಿದ್ದರು. ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಇನ್ನೊಂದು ಹೆಮ್ಮೆ ಅವರ ಅಕ್ಷರ. ಚಾಳಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ, ಕನ್ನಡವೋ ಮರಾಠಿಯೋ ಇಂಗ್ಲಿಷೋ, ಅಪ್ಪನ ಹತ್ತಿರ ಬರುತ್ತಿದ್ದರು. ಅಪ್ಪ ಪೆನ್ನಿನ ಟೊಪ್ಪಿಗೆ ತೆಗೆದು, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಎಲ್ಲಿಯೂ ನಿಲ್ಲದೆ ಬರೆಯುತ್ತಿದ್ದರು. ಒಂದು ಚಿತ್ತೂ ಇರುತ್ತಿರಲಿಲ್ಲ.

ನಾನು ಫುಟ್‌ಬಾಲ್ ಕಲಿತದ್ದು ಚಾಳಿನ ಓಣಿಯಲ್ಲಿ. ಪ್ರತಿ ಮನೆಯ ಬಾಗಿಲಿನ ಮುಂದೆ ನೀರಿನ ಡ್ರಮ್ಮು. ಡ್ರಮ್ಮುಗಳ ನಡುವೆ ರಬ್ಬರ್ ಚೆಂಡನ್ನು ಈ ತುದಿಯಿಂದ ಆ ತುದಿಗೆ ಒಯ್ಯಬೇಕು. ಡ್ರಮ್ಮಿಗೆ ತಾಗಿತೋ, ಢಣ್ ಎಂದು ಸದ್ದು, ಹಿಂದೆಯೇ ಬಾಗಿಲು ತೆರೆದು ಮರಾಠಿಯಲ್ಲೋ ತುಳುವಿನಲ್ಲೋ ಬೈಗುಳ. ಬೈಸಿಕೊಂಡು ಬೈಸಿಕೊಂಡು ನನ್ನ ಕಾಲು ಚುರುಕಾಯಿತು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ ನಾನೇ, ಮೊದಲ ಸಾಲಿನ ಮೊದಲ ಹುಡುಗ. ಆದರೆ ಚೆಂಡು ಒಂದು ಸಲ ನನ್ನ ಕಾಲಿಗೆ ಬಂದರೆ ದೊಡ್ಡವರಿಗೆ ತಿರುಗಿ ಸಿಗುತ್ತಿರಲಿಲ್ಲ.

ಏಳನೆಯ ಇಯತ್ತೆಯ ಪರೀಕ್ಷೆ ಮುಗಿದಾಗ ಪೀಟಿ ಸರ್ ನನ್ನ ಹೆಸರನ್ನು ಕಲ್ಯಾಣದ ಒಂದು ಶಿಬಿರಕ್ಕೆ ಕಳಿಸಿದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ಮೇ ತಿಂಗಳ ರಜೆ. ಹದಿನೈದು ದಿನದ ತರಬೇತಿ, ಅದರಲ್ಲಿ ಚೆನ್ನಾಗಿ ಆಡಿದವರನ್ನು ಠಾಣೆ ಜಿಲ್ಲೆಯ ಹುಡುಗರ ತಂಡಕ್ಕೆ ಆರಿಸುತ್ತಾರೆ. ಷರತ್ತು ಒಂದೇ, ಹದಿಮೂರು ತುಂಬಿರಬಾರದು. ಹುಟ್ಟಿದ ದಾಖಲೆ ಅಸಲು ತರಬೇಕು. ಶಾಲೆಯ ಪುಸ್ತಕದಲ್ಲಿ ನನ್ನ ಇಸವಿ ಏನಿದೆ ಎಂದು ನಾನೂ ನೋಡಿರಲಿಲ್ಲ, ಪೀಟಿ ಸರ್ ಕೂಡ ನೋಡಿರಲಿಲ್ಲ. ನನಗೇನು ಹೆದರಿಕೆ? ಅವ್ವನ ಲೆಕ್ಕದಲ್ಲಿ ಬರುವ ಆಷಾಢಕ್ಕೆ ನನಗೆ ಹನ್ನೆರಡು. ನನಗೆ ಆ ತಂಡದ ಅಂಗಿ ಬೇಕಾಗಿತ್ತು. ಬೇರೆ ಏನೂ ಬೇಕಾಗಿರಲಿಲ್ಲ. ಒಂದು ತಿಂಗಳು ಅದರ ಹೊರತು ಬೇರೆ ಮಾತಾಡದೆ ಮನೆಯವರ ತಲೆ ತಿಂದಿದ್ದೆ.

ಶಿಬಿರದ ಮೊದಲ ದಿನ ಭಾನುವಾರ. ಅಪ್ಪನಿಗೆ ರಜೆ ಇತ್ತು. ಅವ್ವನೂ ಹೊರಟಳು, ಯಾಕೆಂದರೆ ನಾನು ಆಯ್ಕೆಯಾದರೆ ಟಿಟ್ವಾಳಾ ಗಣಪತಿಗೆ ಅಭಿಷೇಕ ಎಂದು ಹರಕೆ ಹೊತ್ತಿದ್ದಳು. "ಕಲ್ಯಾಣದ ತನಕಾ ಹೋದಮ್ಯಾಲೆ ಟಿಟ್ವಾಳಾ ಏನು ದೂರ? ಹಂಗ ಮುಂದ ಹೋಗಿ ಮುಗಿಸಿಕೊಂಡ ಬರೋಣ" ಎಂದಳು.

"ಆಯ್ಕೆ ಆಗೂದು ಹದಿನೈದು ದಿನದ ಮ್ಯಾಲೆ" ಎಂದರು ಅಪ್ಪ.

"ದೇವರಿಗೆ ಮೊದಲ ಕೊಟ್ರ ಅಂವಾ ಏನು ಬ್ಯಾಡ ಅಂತಾನೇನ್ರೀ?"

ಮೈದಾನ ಒಂದು ಶಾಲೆಯ ಹಿಂದೆ ಇತ್ತು, ಗಟ್ಟಿ ಕೆಂಪು ಮಣ್ಣಿನದು. ಬೆಳಿಗ್ಗೆ ಏಳೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕಬ್ಬಿಣದ ಗೋಲು ಕಂಬಗಳಿದ್ದವು, ಬಲೆ ಇರಲಿಲ್ಲ. ಹೊಸ ಚರ್ಮದ ಚೆಂಡನ್ನು ಸ್ಟೀಲಿನ ತಾಟಿನಲ್ಲಿ ಇಟ್ಟು ಅರಿಸಿನ ಕುಂಕುಮ ಹಚ್ಚಿದ್ದರು. ಝೆಂಡು ಹೂವಿನ ಹಾರ ಹಾಕಲು ನೋಡುತ್ತಿದ್ದರು. ದುಂಡನೆಯ ಚೆಂಡಿಗೆ ಹಾರ ನಿಲ್ಲುತ್ತದೆಯೇ? ಇವರು ಹಾಕುವುದು, ಅದು ಜಾರುವುದು. ಕೊನೆಗೆ ಸುತ್ತಲೂ ಇಟ್ಟು ಕೈ ಮುಗಿದರು. ಮುಖ್ಯ ಅತಿಥಿ ಒಬ್ಬ ಧೋತರದ ಮುಖಂಡರು. ಗೋಲು ಕಂಬದ ಬುಡಕ್ಕೆ ತೆಂಗಿನಕಾಯಿ ಒಡೆದು, ಚಪ್ಪಲಿ ಹಾಕಿಕೊಂಡೇ ಚೆಂಡನ್ನು ಒದ್ದರು. ಚೆಂಡು ನಾಲ್ಕು ಮಾರು ಹೋಯಿತು, ಚಪ್ಪಲಿ ಎಂಟು ಮಾರು. ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ ಎಂದು ನೆನಪಿದೆ.

ಕೋಚ್ ಒಬ್ಬ ನಿವೃತ್ತ ರೈಲ್ವೆ ಆಟಗಾರರು, ಮೊಳಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದರು. ಮಣ್ಣಿನಲ್ಲಿ ಹತ್ತು ಕೋಲು ನೆಟ್ಟು, ಒಬ್ಬೊಬ್ಬರೇ ಚೆಂಡನ್ನು ಅವುಗಳ ನಡುವೆ ತರಬೇಕು ಎಂದರು. ನನಗೆ ನಗು ಬಂತು. ಕೋಲೇನು, ಡ್ರಮ್ಮಿಗಿಂತ ಸಪೂರ. ನಾನು ಹೋಗಿ ಬಂದೆ. ಒಂದು ಕೋಲೂ ಅಲುಗಲಿಲ್ಲ. ಕೋಚ್ ಶಿಳ್ಳೆ ಬಾಯಿಂದ ತೆಗೆದು "ಏ ಛೋಟ್ಯಾ, ಪರತ್ ಕರ್" ಎಂದು ಇನ್ನೊಮ್ಮೆ ಮಾಡಿಸಿದರು. ಎರಡನೆಯ ಸಲ ಇನ್ನೂ ಜೋರಾಗಿ ಬಂದೆ. ಅವರು ತಲೆಯ ಮೇಲೆ ಒಂದು ಏಟು ಕೊಟ್ಟು, ಒಡೆದ ಕಾಯಿಯ ಒಂದು ಚೂರನ್ನು ನನ್ನ ಕೈಗೆ ಹಾಕಿ, ಮೇಜಿನ ಕಡೆ ಕೈ ತೋರಿಸಿದರು. ಹೆಸರು ಬರೆಸಿಕೋ ಎಂದರ್ಥ.

ಹೊಂಗೆ ಮರದ ಕೆಳಗೆ ಮೇಜು. ಅಲ್ಲಿ ಕನ್ನಡಕ ಹಾಕಿದ ಒಬ್ಬ ಕಾರಕೂನ. ಅಪ್ಪ ರಬ್ಬರ್ ಸುತ್ತಿದ ಫೈಲಿನಿಂದ ಕಾಗದ ತೆಗೆದು ಕೊಟ್ಟರು. ನಮ್ಮ ಮನೆಯ ಕಾಗದಪತ್ರವೆಲ್ಲ ಅಪ್ಪನ ಕೈಯಲ್ಲಿ. ನಾನಾಗಲಿ ಅವ್ವನಾಗಲಿ ಆ ಫೈಲು ಮುಟ್ಟಿದ್ದಿಲ್ಲ. ಕಾರಕೂನ ಬೆರಳು ಮಡಿಸಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಹದಿಮೂರು ತುಂಬಿ ನಾಲ್ಕು ತಿಂಗಳಾಗಿದೆ, ನಡೆಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಕಾಗದವನ್ನು ವಾಪಸು ತಳ್ಳಿದ.

ನಾನು ನಕ್ಕೆ. ತಪ್ಪು ಎಣಿಸಿದ್ದಾನೆ ಅಂದುಕೊಂಡೆ. "ನನಗ ಹನ್ನೊಂದು ಮುಗೀಲಿಕ್ಕೆ ಬಂದದ. ಅಪ್ಪಾ, ಹೇಳ್ರಲಾ."

ಅಪ್ಪ ಕಾಗದವನ್ನು ಮಡಚುತ್ತಿದ್ದರು. "ನಡೀ" ಎಂದರು.

"ಎಲ್ಲಿಗೆ ನಡೀಲಿ? ಅಂವಾ ತಪ್ಪು ಓದ್ಯಾನ."

"ಓದಿದ್ದು ಬರೋಬರಿ ಅದ. ನಡೀ ಅಂದೆ."

ಆಗ ನನಗೆ ಹೊಳೆದದ್ದು ಒಂದೇ: ಶಾಲೆಗೆ ಬೇಗ ಸೇರಿಸಲು ಅಪ್ಪ ವಯಸ್ಸು ಹೆಚ್ಚಿಸಿ ಬರೆಸಿದ್ದಾರೆ. ಹಾಗೆ ಎಷ್ಟೋ ಜನ ಮಾಡಿದ್ದರು, ಹುಡುಗ ಒಂದು ವರ್ಷ ಮೊದಲೇ ಕೆಲಸಕ್ಕೆ ಸೇರಲಿ ಎಂದು. ನನಗೆ ಮೈಯೆಲ್ಲ ಉರಿಯಿತು. "ನೀವು ಸುಳ್ಳು ಬರಸೀರಿ! ಸುಳ್ಳು ಅಂತ ಹೇಳ್ರಿ ಅವರಿಗೆ!" ಎಂದು ಕೂಗಿದೆ. ಸಾಲಿನಲ್ಲಿದ್ದ ಹುಡುಗರು ತಿರುಗಿ ನೋಡಿದರು. ಕೋಚ್ ಕುಂಟುತ್ತ ಈ ಕಡೆ ಬಂದರು. ಮರದ ಆಚೆ ಬದಿಯಲ್ಲಿ ಬೇರೆ ತಾಯಂದಿರ ಜೊತೆ ಕೂತಿದ್ದ ಅವ್ವ ಎದ್ದು ಬಂದಳು. "ಏನಾತ್ರೀ?" ಎಂದಳು. ಅವಳು ಅಪ್ಪನ ಕೈಯಿಂದ ಕಾಗದ ತೆಗೆದುಕೊಂಡಳು. ಇಂಗ್ಲಿಷು ಬಾರದಿದ್ದರೂ ಅಂಕಿ ಬರುತ್ತಿತ್ತು. ಜನವರಿಯ ಆ ತಾರೀಖಿನ ಮೇಲೆ ಬೆರಳಿಟ್ಟಳು.

"ಇದನ್ನ ಇಟ್ಟೀರೇನು ನೀವು?" ಎಂದಳು ಅಪ್ಪನಿಗೆ. ಮೆಲ್ಲಗೆ ಹೇಳಿದಳು. ಆಮೇಲೆ ಕಾರಕೂನನ ಕಡೆ ತಿರುಗಿ, ತರಕಾರಿ ಕೊಳ್ಳುವಾಗ ಆಡುವ ತನ್ನ ಮರಾಠಿಯಲ್ಲಿ ಹೇಳಿದಳು: "ಹೇ ಹ್ಯಾಚ ನಾಹೀ. ಹ್ಯಾಚ್ಯಾ ಮೋಠ್ಯಾ ಭಾವಾಚ. ತೋ ಗೇಲಾ."

ಇದು ಇವನದಲ್ಲ. ಇವನ ಅಣ್ಣನದು. ಅವನು ಹೋದ.

ನನಗೆ ಅಣ್ಣ ಇರಲಿಲ್ಲ. ಇದ್ದ ಎಂದು ನನಗೆ ತಿಳಿದದ್ದು ಹೀಗೆ, ಒಬ್ಬ ಕಾರಕೂನನಿಗೆ ಹೇಳಿದ ಮರಾಠಿ ಮಾತಿನಿಂದ. ಕನ್ನಡದಲ್ಲಿ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ.

ಕಾರಕೂನ ಕನ್ನಡಕ ತೆಗೆದ. ಹಾಗಾದರೆ ಇವನ ಹೆಸರೇನು ಎಂದು ಕೇಳಿದ. ಅವ್ವ ಕಾಗದದ ಮೇಲೆ ಬೆರಳಿಟ್ಟು, "ಹೇಚ್" ಎಂದಳು. ಇದೇ. ಬಾಯಿಬಿಟ್ಟು ಹೆಸರು ಹೇಳಲಿಲ್ಲ. ಅಜ್ಜನ ಹೆಸರು ಮನೆತನದಲ್ಲಿ ಉಳಿಯಬೇಕೆಂದು ಮೊದಲನೆಯವನಿಗೆ ಇಟ್ಟರು. ಅವನು ಉಳಿಯದೆ ಇದ್ದಾಗ ಅದನ್ನೇ ಎರಡನೆಯವನಿಗೆ ಇಟ್ಟರು. ನಮ್ಮವರಲ್ಲಿ ಇದೇನೂ ಹೊಸದಲ್ಲ.

ಮುಂದಿನದು ಅಲ್ಲಿಯೇ, ತುಂಡು ತುಂಡಾಗಿ, ಕೋಚ್ ಕೇಳಿದ್ದಕ್ಕೆ ಅವ್ವ ಉತ್ತರ ಕೊಟ್ಟಂತೆ ನನ್ನ ಕಿವಿಗೆ ಬಿತ್ತು. ಮೊದಲ ಹೆರಿಗೆಗೆ ಅವಳು ತವರಿಗೆ ಹೋಗಬೇಕಿತ್ತು. ಎಂಟನೆಯ ತಿಂಗಳಲ್ಲೇ ನೋವು ಬಂದು ಕಲ್ಯಾಣದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಆಸ್ಪತ್ರೆ ಅಂದ ಮೇಲೆ ಕಾಗದ ಸಿಕ್ಕಿತು. ಕೂಸು ಏಳು ತಿಂಗಳಿದ್ದು ಗದಗಿನಲ್ಲಿ ಜ್ವರಕ್ಕೆ ಹೋಯಿತು. ಅಲ್ಲಿ ಸತ್ತದ್ದನ್ನು ಇಲ್ಲಿ ಯಾರು ಬರೆಸುತ್ತಾರೆ? ನಾನು ಹುಟ್ಟಿದ್ದು ತವರಿನಲ್ಲೇ, ಸೂಲಗಿತ್ತಿಯ ಕೈಯಲ್ಲಿ. ನನ್ನದು ಎಲ್ಲಿಯೂ ದಾಖಲೆಯಾಗಲಿಲ್ಲ. ಶಾಲೆಯವರು ಹುಟ್ಟಿದ ಕಾಗದ ಕೇಳಿದಾಗ ಅಪ್ಪನ ಫೈಲಿನಲ್ಲಿ ಒಂದು ಕಾಗದ ಇತ್ತು, ಅದರಲ್ಲಿ ಬೇಕಾದ ಹೆಸರೂ ಇತ್ತು. ಕೊಟ್ಟುಬಿಟ್ಟರು. ಒಂದೂವರೆ ವರ್ಷ ಹೆಚ್ಚಾಯಿತು, ಅಷ್ಟೇ. ತರಗತಿಯಲ್ಲಿ ನಾನು ಯಾಕೆ ಎಲ್ಲರಿಗಿಂತ ಗಿಡ್ಡ ಎಂಬುದು ಆಗ ಗೊತ್ತಾಯಿತು.

ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ನನಗೆ ಮೈಯೆಲ್ಲ ಹಿಡಿದಿತ್ತು. ಅಳು ಬರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೇಜಿನ ಕಾಲಿನ ಹತ್ತಿರ ಯಾರೋ ಬೀಳಿಸಿದ ತೆಂಗಿನ ಚೂರಿಗೆ ಇರುವೆ ಮುತ್ತಿದ್ದವು. ನಾನು ಅದನ್ನು ನೋಡುತ್ತ ನಿಂತೆ. ಒಂದು ಇರುವೆ ಮೇಲೆ ಹತ್ತುತ್ತಿತ್ತು, ಜಾರುತ್ತಿತ್ತು. ಮೈದಾನದಲ್ಲಿ ಹುಡುಗರು ಕೂಗುತ್ತಿದ್ದದ್ದು ಬೇರೆ ಊರಿನಿಂದ ಬಂದಂತೆ ಕೇಳುತ್ತಿತ್ತು.

ಕೋಚ್ ಒಳ್ಳೆಯ ಮನುಷ್ಯ. ಗಲ್ಲ ಕೆರೆದುಕೊಂಡು ಯೋಚಿಸಿ, ಅಪ್ಪನ ಜೇಬಿನ ಪೆನ್ನು ನೋಡಿ, ಮರಾಠಿಯಲ್ಲಿ ಹೇಳಿದರು: ಒಂದು ಕಾಗದದ ಮೇಲೆ ಬರೆದುಕೊಡಿ. ಈ ದಾಖಲೆ ತೀರಿಹೋದ ಹಿರಿಯ ಮಗನದು, ಈ ಹುಡುಗ ಅವನ ತಮ್ಮ, ಇವನು ಹುಟ್ಟಿದ್ದು ಇಂಥ ದಿನ. ಸಹಿ ಹಾಕಿ. ಹುಡುಗನನ್ನು ನಾನು ತೆಗೆದುಕೊಳ್ಳುತ್ತೇನೆ, ಮುಂದಿನದು ನನಗೆ ಬಿಡಿ.

ಕಾರಕೂನ ಒಂದು ಹಾಳೆ ಸರಿಸಿದ. ಅಪ್ಪ ಕುರ್ಚಿಯಲ್ಲಿ ಕೂತರು. ಪೆನ್ನಿನ ಟೊಪ್ಪಿಗೆ ತೆಗೆದು, ಕಣ್ಣು ಮುಚ್ಚಿ ತೆಗೆದು, ಮೇಲೆ ಊರು, ತಾರೀಖು ಬರೆದರು. 'ಕೆಳಗೆ ಸಹಿ ಮಾಡಿದ ನಾನು' ಎಂದು ಮರಾಠಿಯಲ್ಲಿ ಬರೆದರು. ದುಂಡಗೆ, ಸಾಲು ಒಂದಿಷ್ಟೂ ಓರೆಯಾಗದಂತೆ. ಅಲ್ಲಿಗೆ ನಿಂತರು.

"ಬರೀರಿ" ಎಂದಳು ಅವ್ವ.

"ಇದನ್ನ ಬರದು ಕೊಟ್ರ ಸಾಲ್ಯಾಗ ಕೊಟ್ಟದ್ದು ಸುಳ್ಳು ಅಂತ ಆಗ್ತದ. ನಾಳೆ ಇವನ ಹೆಸರಿಗೆ ಒಂದು ಕಾಗದಾನೂ ಉಳಿಯೂದಿಲ್ಲ" ಎಂದರು ಅಪ್ಪ. ಅವರು ಹೇಳಿದ್ದು ನಿಜವೂ ಆಗಿತ್ತು.

"ಅದು ನನಗ ತಿಳೀತದ." ಅವ್ವ ಮೇಜು ಹಿಡಿದುಕೊಂಡಿದ್ದಳು. "ಹನ್ನೆರಡು ವರ್ಷ ಆತು. ಊರ ಮಂದಿಗೆಲ್ಲಾ ಅರ್ಜಿ ಬರದ್ರಿ. ಅಂವಾ ಒಬ್ಬ ಇದ್ದಾ ಅಂತ ಎಲ್ಲ್ಯರ ಒಂದ ಸಾಲು ಬರದೀರೇನು? ಅವನ ಕಾಗದಾನೂ ಇವಗ ಕೊಟ್ರಿ. ಇವತ್ತರ ಬರೀರಿ."

ಅಪ್ಪನ ಪೆನ್ನು ಹಾಳೆಯ ಮೇಲೆ ಊರಿತ್ತು. ಊರಿದ ಕಡೆ ಶಾಯಿ ಹರಡಿ ಒಂದು ಚುಕ್ಕೆ ಆಯಿತು, ಹೆಸರುಕಾಳಿನಷ್ಟು. ಅಪ್ಪನ ಬರವಣಿಗೆಯಲ್ಲಿ ನಾನು ನೋಡಿದ ಮೊದಲ ಕಲೆ. ಅವರ ಕೈ ಮುಂದೆ ಹೋಗಲಿಲ್ಲ. ಶಾಲೆಯ ಹೆದರಿಕೆಯೋ, ಆ ಕೂಸು ಸತ್ತಿದೆ ಎಂದು ತನ್ನ ಅಕ್ಷರದಲ್ಲಿ ನೋಡಲಾರದೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರೂ ಹೋಗಿ ಬಹಳ ವರ್ಷವಾಯಿತು.

ಆಗ ನಾನೇ ಬಾಯಿ ಹಾಕಿದೆ. ಕೋಚ್ ಕಡೆ ನೋಡಿ, ಅವರ ಭಾಷೆಯಲ್ಲೇ, ನನಗೆ ಹದಿಮೂರು ತುಂಬಿದೆ ಸರ್, ಕಾಗದ ಸರಿ ಇದೆ ಎಂದೆ.

ಇದನ್ನು ನಾನು ಅಪ್ಪನನ್ನು ಉಳಿಸಲು ಹೇಳಿದೆ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. ಎಲ್ಲರೂ ನೋಡುತ್ತಿದ್ದರು. ನನಗೆ ಅಲ್ಲಿಂದ ಹೋಗಬೇಕಾಗಿತ್ತು, ಅಷ್ಟೇ. ಅಂಗಿ ಬೇಡ, ತಂಡ ಬೇಡ, ಯಾವುದೂ ಬೇಡವಾಗಿತ್ತು. ಅಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದರು. ಅವ್ವ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳಿಗೆ ಸಿಗಬೇಕಾಗಿದ್ದ ಒಂದು ಸಾಲನ್ನು ಅಪ್ಪ ತಡೆದರು, ನಾನು ಅಳಿಸಿದೆ. ಹನ್ನೊಂದು ವರ್ಷದ ಹುಡುಗನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೂ ಅವಳ ಆ ಮುಖ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮೂವರೂ ಕಲ್ಯಾಣ ಸ್ಟೇಶನ್ನಿಗೆ ನಡೆದು ಬಂದೆವು. ಡೊಂಬಿವಲಿಯ ಗಾಡಿ ನಿಂತಿತ್ತು. ಅಪ್ಪ ಆ ಕಡೆ ಹೆಜ್ಜೆ ಹಾಕಿದರು. ಅವ್ವ ಟಿಟ್ವಾಳಾಕ್ಕೆ ಹೋಗುವ ಕಸಾರಾ ಗಾಡಿಯ ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತತೊಡಗಿದಳು.

"ಇನ್ನೇನು ಹರಕಿ? ಆಯ್ಕೆ ಆಗಲಿಲ್ಲಲಾ" ಎಂದರು ಅಪ್ಪ.

"ಬರೂದಾದ್ರ ಬರ್ರಿ" ಎಂದು ಅವಳು ಹಿಂದೆ ನೋಡದೆ ಹತ್ತಿದಳು. ನಾವು ಹಿಂದೆ ಹೋದೆವು.

ಗಾಡಿ ಶಹಾಡಿನಲ್ಲಿ ನಿಂತಿತು. ಬೇರೆ ದಿನವಾಗಿದ್ದರೆ ಅಪ್ಪ ಕಾರ್ಖಾನೆಯ ಚಿಮಣಿ ತೋರಿಸಿ ತಮ್ಮ ಕಚೇರಿಯ ಕಿಟಕಿ ಯಾವುದು ಎಂದು ಹೇಳುತ್ತಿದ್ದರು. ಅವತ್ತು ಕಾಲಿನ ಹೆಬ್ಬೆರಳು ನೋಡುತ್ತ ಕೂತರು. ನನ್ನ ಮುಷ್ಟಿಯಲ್ಲಿ ಕೋಚ್ ಕೊಟ್ಟ ತೆಂಗಿನ ಚೂರು ಇನ್ನೂ ಇತ್ತು, ಬೆವರಿಗೆ ಬಿಸಿಯಾಗಿತ್ತು. ತಿನ್ನಬೇಕೆಂದೂ ಎಸೆಯಬೇಕೆಂದೂ ಅನ್ನಿಸಲಿಲ್ಲ. ಏಳು ತಿಂಗಳ ಕೂಸು ಎಂದರೆ ಕೂರುತ್ತದೆಯೋ ಇಲ್ಲವೋ ಎಂದು ಯೋಚಿಸಿದೆ. ನನಗೆ ಗೊತ್ತಿರಲಿಲ್ಲ.

ಟಿಟ್ವಾಳಾ ಗುಡಿಯಲ್ಲಿ ಭಾನುವಾರದ ಗದ್ದಲ ಇತ್ತು. ನಮ್ಮ ಸರದಿ ಬಂದಾಗ ಗುರುಗಳು ಗೋತ್ರ, ಹೆಸರು ಕೇಳಿದರು. ಅಲ್ಲಿಯವರು ಅಷ್ಟನ್ನೇ ಕೇಳುವುದು. ನಮ್ಮ ಕಡೆಯವರಿಗೆ ನಕ್ಷತ್ರ ಹೇಳದಿದ್ದರೆ ಸಮಾಧಾನವಿಲ್ಲ. ಅವರು ಕೇಳದಿದ್ದರೂ ಸೇರಿಸುತ್ತೇವೆ. ಪ್ರತಿ ಸಲವೂ ಅಪ್ಪನೇ ಗೋತ್ರ, ಹೆಸರು ಹೇಳುವುದು, ಅವ್ವ ಹಿಂದಿನಿಂದ "ರೋಹಿಣಿ ನಕ್ಷತ್ರ" ಎಂದು ನನ್ನದನ್ನು ಸೇರಿಸುವುದು. ಅವತ್ತೂ ಅಪ್ಪ ಗೋತ್ರ ಹೇಳಿದರು. ಹೆಸರಿಗೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಮುಂದೆ ಬಂದು ನಿಂತಳು.

ಅವಳು ನನ್ನ ಹೆಸರು ಹೇಳಿದಳು. ಮಾವನ ಹೆಸರನ್ನು, ಗಂಡನ ಎದುರಿಗೆ, ಗಟ್ಟಿಯಾಗಿ. ಅವಳ ಬಾಯಲ್ಲಿ ಅದನ್ನು ಕೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. "ಮಘಾ ನಕ್ಷತ್ರ" ಎಂದಳು. ಆಮೇಲೆ ಅದೇ ಹೆಸರನ್ನು ಇನ್ನೊಮ್ಮೆ ಹೇಳಿದಳು. "ರೋಹಿಣಿ ನಕ್ಷತ್ರ" ಎಂದಳು.

ಗುರುಗಳು ತಲೆ ಎತ್ತಿ, ಒಬ್ಬ ಹುಡುಗನಿಗೆ ಎರಡು ನಕ್ಷತ್ರ ಹೇಗೆ ಎಂದು ಕೇಳಿದರು.

"ದೋನ್ ಮುಲಂ" ಎಂದಳು ಅವ್ವ. ಇಬ್ಬರು ಮಕ್ಕಳು.

ಹೋದವರ ಹೆಸರಿಗೆ ಅಭಿಷೇಕ ಮಾಡಿಸುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅಪ್ಪ ತಡೆಯಲಿಲ್ಲ. ಗುರುಗಳಿಗೆ ಏನು ಗೊತ್ತು? ಅವರು ಸಂಕಲ್ಪ ಶುರು ಮಾಡಿದರು. ನನ್ನ ಹೆಸರು ಮೊದಲ ಸಲ ಬಂದಾಗ, ರೂಢಿಯಂತೆ, ಮುಷ್ಟಿಯ ಕಾಯಿಚೂರಿನ ಸಮೇತ ನಾನು ಕೈ ಮುಗಿದೆ.

ಅವ್ವ ನನ್ನ ಎರಡೂ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ತಡಿಯೋ ಪುಟ್ಯಾ" ಎಂದಳು. "ಇದು ನಿಂದಲ್ಲ."